ಎರಡೇ ಲೋಟ ನೀರು

ಭಾನುವಳ್ಳಿ, ಸೋಮವಾರ

ದಾವಣಗೆರೆಯ ಡಾಕ್ಟರಮ್ಮನವರಿಗೆ ನಮಸ್ಕಾರ.

ನಮ್ಮ ಯಜಮಾನರು ಕಾಟಪ್ಪನವರ ಫೈಲಿನೊಳಗೆ ಈ ಕಾಗದ ಇಟ್ಟಿದ್ದೇನೆ. ಅವರೆದುರು ಕೇಳಲಾರೆ.

ಶ್ವಾಸಕೋಶದ ಕ್ಯಾನ್ಸರಿನಿಂದ ಎದೆಯಲ್ಲಿ ನೀರು ತುಂಬಿದೆ ಎಂದು ಹೋದ ವಾರ ಸೂಜಿ ಚುಚ್ಚಿ ತೆಗೆದಿರಿ. ಮತ್ತೆ ತುಂಬಬಹುದು ಎಂದಿರಿ. ತುಂಬದಿರಲೆಂದು ಅಂದಿನಿಂದ ನಾನು ಅವರಿಗೆ ಕುಡಿಯಲು ದಿನಕ್ಕೆ ಎರಡೇ ಲೋಟ ನೀರು ಕೊಡುತ್ತಾ ಬಂದೆ. ಮೂವತ್ತು ವರ್ಷ ನೀರಗಂಟಿಯಾಗಿ ಊರ ಗದ್ದೆಗಳಿಗೆಲ್ಲ ಕಾಲುವೆ ನೀರು ಬಿಟ್ಟವರು, "ಇನ್ನೊಂದ್ ಗುಟುಕು ಕೊಡೇ, ಬಾಯಿ ಒಣಗೈತೆ" ಅಂದರು. "ಡಾಕ್ಟ್ರು ಬ್ಯಾಡ ಅಂದಾರ್ರೀ" ಎಂದು ಸುಳ್ಳು ಹೇಳಿದೆ.

ಆದರೂ ಮತ್ತೆ ಉಸಿರು ಕಟ್ಟುತ್ತಿದೆ.

ನಾಳೆ ಕರೆತರುತ್ತೇನೆ. ನೀರು ಕುಡಿಸಬಹುದಾದರೆ, "ಇವತ್ತಿನಿಂದ ಕುಡೀರಿ" ಎಂದಷ್ಟೇ ಅವರಿಗೆ ಹೇಳಿ. ಮೊದಲೂ ಕುಡಿಯಬಹುದಿತ್ತು ಎಂದು ಮಾತ್ರ ಹೇಳಬೇಡಿ.

ಇಂತಿ,
ನೇತ್ರಾವತಿ