ಸೈರನ್ ಕೂಗಿದರೂ ಎದ್ದು ಹೋಗದ ತಾಯಿ

ಮತೊಜಿನ್ಯೋಸ್
ನವೆಂಬರ್ 11, 2012

ಪ್ರೀತಿಯ ತಂಗಿ ಜುಲ್ಮೀರಾಗೆ ಅಕ್ಕ ಇದಲೀನಾಳ ಅಪ್ಪುಗೆ.

ಬೈಯಬೇಡ. ಬೇಸಿಗೆ ಮುಗಿಯುವಾಗ ನೀನು ಬರೆದ ಕಾಗದಕ್ಕೆ ಚೆಸ್ಟ್‌ನಟ್ ಸುಡುವ ಹಬ್ಬದ ದಿನ ಉತ್ತರ ಬರೆಯುತ್ತಿದ್ದೇನೆ. ಬೀದಿಯ ಹೊಗೆಯೆಲ್ಲ ಅಡುಗೆಮನೆಗೇ ನುಗ್ಗಿದೆ, ಆದರೂ ಕಿಟಕಿ ಮುಚ್ಚಲು ಮನಸ್ಸಿಲ್ಲ. ನಿನ್ನ ಮೊಣಕಾಲು ಹೇಗಿದೆ? ಆ ಫ್ರಾನ್ಸಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಮುಂದೆ ಬೇಕಾದೀತು ಎಂದು ಬೀರುವಿನಲ್ಲಿ ಜೋಪಾನ ಮಾಡಿದ್ದೀಯೋ? ನಿನ್ನ ಯಜಮಾನರಿಗೆ ನಾನು ಕೇಳಿದೆ ಎಂದು ಹೇಳು.

ತಡವಾದದ್ದಕ್ಕೆ ಕಾರಣ ಹೇಳಿದರೆ ನೀನು ನಗುತ್ತೀಯ. ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ. ನಕ್ಕು ಮುಗಿಸಿದೆಯಾ? ಸರಿ, ಮುಂದೆ ಓದು.

ನೊಎಮಿಯಾ ಕಾದಂಬರಿ ಬರೆದಿರುವುದು ನಿನಗೆ ಗೊತ್ತೇ ಇದೆ. ನನ್ನ ಮಗಳು, ನಮ್ಮ ಬೀದಿಯ ಕಥೆ, ಆದರೆ ಬರೆದದ್ದು ಅವಳೀಗ ಇರುವ ಬ್ರಿಸ್ಟಲ್‌ನವರ ಭಾಷೆಯಲ್ಲಿ. ಬರುವ ಜೂನ್‌ನಲ್ಲಿ, ಸಂತ ಜೊವಾನನ ಹಬ್ಬದ ಹೊತ್ತಿಗೆ, ನಮ್ಮೂರ ಗ್ರಂಥಾಲಯದಲ್ಲಿ ಅವಳನ್ನು ಕರೆಸಿ ಆ ಪುಸ್ತಕದ ಬಗ್ಗೆ ಮಾತಾಡಿಸುತ್ತಾರಂತೆ. ನನಗೆ ಮೊದಲ ಸಾಲಿನಲ್ಲಿ ಕುರ್ಚಿ. ಪುಸ್ತಕದಲ್ಲಿ ಒಬ್ಬ ತಾಯಿ ಇದ್ದಾಳೆ, ಸಾರ್ಡೀನ್ ಡಬ್ಬಿಯ ಕಾರ್ಖಾನೆಯಲ್ಲಿ ಮೀನು ಜೋಡಿಸುವವಳು. ಅದು ನಾನೇ ಎಂದು ಊರಿಗೆಲ್ಲ ಗೊತ್ತು. ಆ ತಾಯಿಯನ್ನು ಅವಳು ಎತ್ತಿ ಹಿಡಿದಿದ್ದಾಳೋ ಎತ್ತಿ ಒಗೆದಿದ್ದಾಳೋ, ನನಗೊಬ್ಬಳಿಗೇ ಗೊತ್ತಿಲ್ಲದೆ ನಾನು ಎಲ್ಲರೆದುರು ಹಲ್ಲು ಕಿರಿಯುತ್ತಾ ಕೂರಬೇಕೇ? ನೊಎಮಿಯಾಳನ್ನು ಕೇಳಿದರೆ, "ಅಯ್ಯೋ ಅಮ್ಮಾ, ಅದೆಲ್ಲಾ ಕಟ್ಟುಕಥೆ, ನೀನ್ಯಾಕೆ ತಲೆ ಕೆಡಿಸ್ಕೊತೀಯಾ" ಎನ್ನುತ್ತಾಳೆ. ಹಾಗೆ ಅಂದರೆ ತಲೆ ಕೆಡದೆ ಇರುತ್ತದೆಯೇ?

ಪಕ್ಕದ ಮನೆಯ ಹುಡುಗಿ, "ಫೋನ್ ಹಿಡಿದ್ರೆ ಸಾಕು ಅಜ್ಜಿ, ಅದೇ ನಮ್ಮ ಭಾಷೇಲಿ ಓದಿ ಹೇಳತ್ತೆ" ಎಂದಳು. ಹೆತ್ತ ಮಗಳ ಮಾತನ್ನು ಯಂತ್ರದ ಬಾಯಲ್ಲಿ ಕೇಳುವುದಕ್ಕಿಂತ ಕಿವುಡಿಯಾಗಿರುವುದೇ ಮೇಲು ಎಂದೆ. ಒಬ್ಬಳೇ ಕುಳಿತು ಓದಲು ನೋಡಿದೆ. ಅರ್ಧ ತಿಳಿಯುವುದು ಏನೂ ತಿಳಿಯದ್ದಕ್ಕಿಂತ ಕೆಟ್ಟದ್ದು, ಜುಲ್ಮೀರಾ. "ತಾಯಿ", "ಬಾಗಿಲು", "ಕೂಗು" ಎಂಬಷ್ಟೇ ತಿಳಿದು ಪುಸ್ತಕ ಮುಚ್ಚಿದರೆ ಹೊಟ್ಟೆಗೆ ಅನ್ನ ಹೇಗೆ ಇಳಿದೀತು!

ಹೀಗಾಗಿ ಐಲ್ಸಾ ಸಿಕ್ಕಿದಳು. ಸ್ಕಾಟ್ಲೆಂಡಿನವಳು, ಐವತ್ತರ ಹತ್ತಿರ. ಇಲ್ಲಿನವನೊಬ್ಬನನ್ನು ಕಟ್ಟಿಕೊಂಡು ಬಂದಳು. ಅವನು ಬಿಟ್ಟು ಹೋದ, ಇವಳು ಊರು ಬಿಡಲಿಲ್ಲ. ಮೀನು ಮಾರುಕಟ್ಟೆಯ ಹಿಂದೆ, ಬೇಕರಿಯ ಮೇಲಿನ ಮನೆ. ವ್ಯಾಕರಣ ಕಲಿಸುವುದಿಲ್ಲ, ಕಾದಂಬರಿ ಓದಿಸುತ್ತಾಳೆ. ಮನೆಯಲ್ಲಿ ಒಂದು ಅಧ್ಯಾಯ ಓದಬೇಕು, ಮರುದಿನ ಅವಳ ಮೇಜಿನ ಮುಂದೆ ಕುಳಿತು ಅದರ ಬಗ್ಗೆ ಇಂಗ್ಲಿಷಿನಲ್ಲೇ ಮಾತಾಡಬೇಕು.

"ನಂಗೆ ಮಾತು ಬರಲ್ಲ" ಎಂದೆ ಮೊದಲ ದಿನ.

"ದೋನಾ ಇದಲೀನಾ, ನಿಮ್ಮ ಬೀದಿಯವರ ಸುದ್ದಿ ಮಾತಾಡ್ತೀರಲ್ಲ, ಹಾಗೇ ಈ ಪುಸ್ತಕದವರ ಸುದ್ದೀನೂ ಮಾತಾಡಿ. ತಪ್ಪಾದ್ರೆ ಆಗ್ಲಿ" ಎಂದಳು.

ಅದೊಂದು ಮಾತು ಹೇಳಬಾರದಿತ್ತು ಅವಳು. ಕಾರ್ಖಾನೆಯ ಮೇಜಿನ ಮುಂದೆ ನಿಂತು ಕೈ ಮೀನಿಗೆ, ಬಾಯಿ ಊರಿಗೆ ಎಂದು ಬದುಕಿದವಳು ನಾನು! ಮೊದಲು ಓದಿದ್ದು ಒಬ್ಬ ವಿಧವೆಯ ಕಥೆ. ದೊಡ್ಡ ಮನೆ, ಹತ್ತು ಜನ ಬಾಡಿಗೆಯವರು. ಅಣ್ಣ ಸತ್ತ ಸುದ್ದಿ ಬಂದರೆ ಆಕೆ ಎದ್ದು ಹೋಗಿ ಹೂವಿನ ಕುಂಡ ಬೇರೆ ಕಡೆ ಇಡುತ್ತಾಳೆ. ನನಗೆ ರೇಗಿತು. "ಇವಳಿಗೆ ಬಾಯಿಲ್ವಾ? ಅಳೋಕೆ ಕಣ್ಣಿಲ್ವಾ? ಅಲ್ಲಾ, ಇಷ್ಟು ಜನಕ್ಕೆ ಅಡುಗೆ ಮಾಡ್ತಿರೋರು ಯಾರು?" ಎಂದು ಕೇಳಿದೆ. ಐಲ್ಸಾ ಪುಟ ತಿರುವಿ ತಿರುವಿ ನೋಡಿ, "ಬರೆದಿಲ್ಲ" ಎಂದಳು. "ಹಾಗಾದ್ರೆ ಬರೆದೋನು ಗಂಡಸು" ಎಂದೆ. ಬರೆದವಳು ಹೆಂಗಸೇ. ಐಲ್ಸಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆದರೆ ನಗು ಮುಗಿದ ಮೇಲೆ ನನ್ನ ಹಳೆಯ ಪ್ರಶ್ನೆಯೇ ಉಳಿಯುತ್ತದೆ. ನನ್ನ ಮಗಳ ಪುಸ್ತಕ ಯಾವಾಗ? ಐಲ್ಸಾಳ ಕಪಾಟಿನಲ್ಲೇ ಅದು ಇದೆ, ಅವಳು ಓದಿಯೂ ಆಗಿದೆ. ಕೇಳಿದಾಗಲೆಲ್ಲ, "ಇನ್ನೊಂದು ಓದೋಣ, ಆಮೇಲೆ ಅದು" ಎಂದು ಬೇರೆ ಯಾವುದನ್ನೋ ಕೈಗೆ ಕೊಡುತ್ತಾಳೆ. ಏನೋ ಇದೆ ಅದರಲ್ಲಿ. ನನ್ನ ಬಗ್ಗೆ ಓದಬಾರದ್ದು ಇರುವುದರಿಂದಲೇ ಮುಚ್ಚಿಡುತ್ತಿದ್ದಾಳೆ. ಮಲಗಿದರೆ ಅದೇ, ಎದ್ದರೆ ಅದೇ. ಸುಮ್ಮನೆ ಬಂದರಿನವರೆಗೆ ನಡೆದು, ಅಲ್ಲಿ ಏನೂ ಕೆಲಸವಿಲ್ಲದೆ ವಾಪಸು ಬರುತ್ತೇನೆ. ಮೊನ್ನೆ ಸಾರಿಗೆ ಉಪ್ಪು ಹಾಕಿ, ಮರೆತು ಮತ್ತೆ ಹಾಕಿ, ಕೊನೆಗೆ ಬೆಕ್ಕೂ ಮೂಸಲಿಲ್ಲ.

ನೀನೂ ಪ್ರತಿ ಕಾಗದದಲ್ಲಿ "ಅದರಲ್ಲಿ ನಾನಿದ್ದೀನಾ?" ಎಂದು ಕೇಳುತ್ತೀಯ. ಇರದೆ ಎಲ್ಲಿ ಹೋಗುತ್ತೀಯ? ನೀನು ಮದುವೆಯಾಗಿ ಫ್ರಾನ್ಸಿಗೆ ಹೋಗುವ ತನಕ ನಮ್ಮ ಮನೆಯಲ್ಲೇ ಇದ್ದವಳು, ಊರವರ ಬಟ್ಟೆ ಒಗೆಯುತ್ತಾ ನೊಎಮಿಯಾಳನ್ನು ಸೊಂಟದ ಮೇಲೆ ಹೊತ್ತವಳು. ಓದಿದ ತಕ್ಷಣ ಬರೆಯುತ್ತೇನೆ.

ದೇವರು ನಿನ್ನನ್ನು, ನಿನ್ನ ಮೊಣಕಾಲನ್ನು ಕಾಪಾಡಲಿ.

ನಿನ್ನ ಅಕ್ಕ,
ಇದಲೀನಾ


ಮತೊಜಿನ್ಯೋಸ್
ಮಾರ್ಚ್ 3, 2013

ಪ್ರೀತಿಯ ಜುಲ್ಮೀರಾ,

ನೀನು ಕಳಿಸಿದ ಉಣ್ಣೆಯ ಶಾಲು ಬಂತು. ಹೊದ್ದುಕೊಂಡೇ ಬರೆಯುತ್ತಿದ್ದೇನೆ. ಕ್ರಿಸ್ಮಸ್ಸಿಗೂ ಕಾಗದ ಹಾಕಲಿಲ್ಲ, ತಪ್ಪಾಯಿತು. ಬರೆಯಲು ಕುಳಿತಾಗಲೆಲ್ಲ ಎದ್ದುಬಿಡುತ್ತಿದ್ದೆ. ಇವತ್ತು ಏಳಬಾರದೆಂದು ಬಾಗಿಲಿಗೆ ಚಿಲಕ ಹಾಕಿದ್ದೇನೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಪುಸ್ತಕದಲ್ಲಿ ಚಿಕ್ಕಮ್ಮ ಇಲ್ಲ. ಮುನಿಸಿಕೊಳ್ಳಬೇಡ, ಅದರಲ್ಲಿ ಮಗಳ ಅಪ್ಪನೂ ಇಲ್ಲ; ಕಾಡ್ ಮೀನು ಹಿಡಿಯಲು ಹೋದ ಅವನ ಹಡಗು ಮೊದಲ ಪುಟದಲ್ಲೇ ಮುಳುಗುತ್ತದೆ. ನನ್ನ ಗಂಡ ಹಾಸಿಗೆಯಲ್ಲಿ ಆರಾಮಾಗಿ ಸತ್ತವನು, ಅವನನ್ನು ನೀರಲ್ಲಿ ಮುಳುಗಿಸಿದ್ದಾಳೆ. ಉಳಿದದ್ದು ಒಬ್ಬ ತಾಯಿ, ಒಬ್ಬಳು ಮಗಳು, ಅಷ್ಟೇ.

ಐಲ್ಸಾ ಯಾಕೆ ಮುಂದಕ್ಕೆ ಹಾಕುತ್ತಿದ್ದಳು ಗೊತ್ತೇ? ಹೊಸ ವರ್ಷ ಕಳೆದ ಮೇಲೆ ನನಗೆ ತಾಳ್ಮೆ ಕೆಟ್ಟಿತು. ನನ್ನ ಪ್ರತಿಯನ್ನು ಅವಳ ಮೇಜಿನ ಮೇಲೆ ಇಟ್ಟು, "ಇವತ್ತು ಇದು. ಇಲ್ಲಾಂದ್ರೆ ನಾನು ಮನೆಗೆ ಹೊರಟೆ" ಎಂದೆ. ಅವಳ ಮುಖ ಕೆಂಪಾಯಿತು. "ಇದನ್ನ ಓದಿ ಮುಗಿಸಿದ್ಮೇಲೆ ನೀವು ಬರೋದು ನಿಲ್ಲಿಸ್ಬಿಡ್ತೀರಿ. ಅದಕ್ಕೇ..." ಎಂದಳು. ನಾನು ಏನೇನೋ ಕಲ್ಪಿಸಿಕೊಂಡು ತಿಂಗಳುಗಟ್ಟಲೆ ಒದ್ದಾಡಿದ್ದು ಇದಕ್ಕೆ! ಅವಳಿಗೆ ಬೈದೆ, ಆಮೇಲೆ ಕೆಳಗಿನಿಂದ ಮೆಕ್ಕೆಜೋಳದ ಬಿಸಿ ಬ್ರೆಡ್ಡು ತಂದು ಇಬ್ಬರೂ ತಿಂದೆವು.

ಆ ತಾಯಿ ಒಳ್ಳೆಯವಳು, ಜುಲ್ಮೀರಾ. ಒರಟು ಮಾತು, ಬಿಡುವಿಲ್ಲದ ಕೈ, ಆದರೆ ಒಳ್ಳೆಯವಳು. ಓದುತ್ತಾ ಓದುತ್ತಾ ನನ್ನ ಎದೆಯ ಕಲ್ಲು ಇಳಿಯುತ್ತಾ ಬಂತು. ಹಾಗಿರುವಾಗ ಆ ಅಧ್ಯಾಯ ಬಂತು. ಮಧ್ಯಾಹ್ನ. ಮಗಳಿಗೆ ಜ್ವರ. ಕಾರ್ಖಾನೆಯ ಸೈರನ್ ಕೂಗುತ್ತದೆ. ತಾಯಿ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಾಳೆ. ಮತ್ತೆ ಮಗಳ ಹಣೆಯ ಮೇಲೆ ಕೈ ಇಡುತ್ತಾಳೆ. ಹೋಗುವುದಿಲ್ಲ. ಸಂಜೆಯಾಗುವ ತನಕ ಅಲ್ಲೇ ಕೂರುತ್ತಾಳೆ.

ಮರುದಿನ ಐಲ್ಸಾ, "ಆಕೆ ಯಾಕೆ ಹೋಗ್ಲಿಲ್ಲ, ಏನನ್ಸತ್ತೆ ನಿಮಗೆ?" ಎಂದು ಕೇಳಿದಳು.

"ತಪ್ಪು" ಎಂದೆ. "ಶುದ್ಧ ತಪ್ಪು. ಹೀಗೆ ನಡೆಯೋಕೇ ಸಾಧ್ಯ ಇಲ್ಲ."

"ಯಾಕೆ?"

ಅಷ್ಟು ಹೊತ್ತಿಗೆ ಇಂಗ್ಲಿಷ್ ಎಲ್ಲ ಮರೆತು ನಮ್ಮ ಭಾಷೆಯಲ್ಲೇ ಕೂಗಾಡುತ್ತಿದ್ದೆ. "ಯಾಕೆ ಅಂದ್ರೆ? ದೋಣಿ ಬಂತು ಅಂದ್ರೆ ಸೈರನ್ ಕೂಗತ್ತೆ. ಬೆಳಗಾಗ್ಲಿ, ಹಬ್ಬದ ಊಟದ ಹೊತ್ತಾಗ್ಲಿ. ಒಂದೊಂದು ಕಾರ್ಖಾನೆಗೆ ಒಂದೊಂದು ಕೂಗು, ನಿದ್ದೇಲೂ ನಮ್ಮದು ಯಾವುದು ಅಂತ ಗೊತ್ತಾಗೋದು. ಮೀನು ಕಾಯತ್ತಾ? ಕೊಳೆಯತ್ತೆ! ಹೋಗ್ಲಿಲ್ಲ ಅಂದ್ರೆ ಮೇಸ್ತ್ರಿ ಹೆಂಗಸು ನಿನ್ನ ಜಾಗಕ್ಕೆ ಬೇರೆಯವಳನ್ನ ನಿಲ್ಲಿಸ್ತಾಳೆ. ಅರ್ಧ ತಲೆ ಬಾಚ್ಕೊಂಡು ಓಡಿದೀವಿ, ಮೊಲೆ ಕುಡಿಯೋ ಮಗೂನ ಬಾಯಿಂದ ಕಿತ್ಕೊಂಡು ಓಡಿದೀವಿ. ಮತೊಜಿನ್ಯೋಸಲ್ಲಿ ಸೈರನ್ ಕೇಳಿ ಕೂತಿರೋ ಹೆಂಗಸು ಹುಟ್ಟೇ ಇಲ್ಲ. ಈ ಊರವರು ಇದನ್ನ ಕೇಳಿದ್ರೆ ನಗ್ತಾರೆ!"

ಐಲ್ಸಾ ನನ್ನ ಮಾತು ಮುಗಿಯುವ ತನಕ ಕಾದಳು. ಆಮೇಲೆ ಮೆಲ್ಲಗೆ, "ಇದು ನಿಮ್ಮ ಮಗಳಿಗೂ ಗೊತ್ತಿರತ್ತಲ್ವಾ, ದೋನಾ ಇದಲೀನಾ? ಅವಳು ಇದೇ ಬೀದೀಲಿ ಬೆಳೆದೋಳು. ತಪ್ಪಿ ಬರೆದಿದಾಳೆ ಅಂತೀರಾ, ಇಲ್ಲ ಹೀಗಾಗ್ಬೇಕಿತ್ತು ಅಂತ ಬರೆದಿದಾಳಾ?" ಎಂದಳು.

ನಾನು ಕೋಟು ಹಾಕಿಕೊಂಡು ಮನೆಗೆ ಬಂದೆ. ಸಿಟ್ಟು ಬಂತು, ಅಳು ಬಂತು, ಮತ್ತೆ ಸಿಟ್ಟು ಬಂತು. ಹೀಗಾಗಬೇಕಿತ್ತಂತೆ! ನಾನು ಕೂತಿದ್ದರೆ ಇವಳ ಶಾಲೆಯ ಬೂಟು ಎಲ್ಲಿಂದ ಬರುತ್ತಿತ್ತು? ಈ ಇಂಗ್ಲಿಷ್ ಎಲ್ಲಿಂದ ಬರುತ್ತಿತ್ತು? ಒಂದು ವಾರ ಐಲ್ಸಾಳ ಮನೆಯ ಬೀದಿಗೇ ಕಾಲಿಡಲಿಲ್ಲ, ಬ್ರೆಡ್ಡನ್ನೂ ಬೇರೆ ಕಡೆ ಕೊಂಡೆ. ಆಮೇಲೆ ಮನಸ್ಸು ತಡೆಯದೆ ನೊಎಮಿಯಾಳಿಗೆ ಫೋನು ಮಾಡಿದೆ. ನಿನ್ನ ಪುಸ್ತಕ ಓದಿದೆ, ನಾನೇ ಓದಿದೆ, ಇಂಗ್ಲಿಷಿನಲ್ಲಿ ಓದಿದೆ ಎಂದೆ. ಆ ಕಡೆ ಅಳುತ್ತಿದ್ದಳು ಕಣೇ. ನಾನೂ ಅತ್ತೆ. ಚೆನ್ನಾಗಿದೆ ಮಗಳೇ ಎಂದೆ.

ಈಗ ಮತ್ತೆ ಐಲ್ಸಾಳ ಹತ್ತಿರ ಹೋಗುತ್ತಿದ್ದೇನೆ, ಹೊಸ ಕಾದಂಬರಿ ಹಿಡಿದಿದ್ದೇವೆ. ಇದರಲ್ಲಿ ಒಬ್ಬ ಪಾದ್ರಿ ಇದ್ದಾನೆ, ನನಗೆ ಅವನ ಮೇಲೆ ನಂಬಿಕೆಯಿಲ್ಲ. ಜೂನ್‌ನಲ್ಲಿ ನೀನು ಬರುತ್ತೇನೆ ಎಂದು ಬರೆದದ್ದು ನೋಡಿ ಸಂತೋಷವಾಯಿತು. ಮೊದಲ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿ ನಿನಗೇ. ಸಾರ್ಡೀನ್ ಸುಡೋಣ, ಇಬ್ಬರೂ ಒಂದೊಂದು ಲೋಟ ಹೆಚ್ಚಿಗೆ ಕುಡಿಯೋಣ. ನಮ್ಮ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ, ಹುಷಾರಾಗಿ ಬಾ.

ನಿನ್ನ ಅಕ್ಕ,
ಇದಲೀನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ಬಂದೆ. ಫೋನಿನಲ್ಲಿ ಇನ್ನೂ ಮಾತು ನಡೆಯಿತು. ಆ ಸೈರನ್ ವಿಷಯ ಬಿಡಲಾಗದೆ ಎತ್ತಿದೆ. "ಎಲ್ಲಾ ಕಟ್ಟುಕಥೆ ಅಂತೀಯಲ್ಲ, ಅದೊಂದು ಜಾಗ ಊರವರು ನಂಬಲ್ಲ ಕಣೇ" ಎಂದೆ. ಅವಳು ನಕ್ಕಳು. "ಅಮ್ಮಾ, ಇಡೀ ಪುಸ್ತಕದಲ್ಲಿ ನಾನು ಕಟ್ಟದೇ ಇರೋದು ಅದೊಂದೇ. ನೀನು ಮರೆತಿದ್ದೀಯಾ, ನಾನು ಮರೆತಿಲ್ಲ. ನಂಗೆ ಜ್ವರ ಬಂದಿತ್ತು, ಸೈರನ್ ಕೂಗ್ತು, ನೀನು ಹೋಗ್ಲಿಲ್ಲ. ಕಣ್ಣು ಬಿಡೋಕಾಗ್ತಿರ್ಲಿಲ್ಲ, ಆದ್ರೆ ನಿನ್ನ ಕೈ ಹಣೆ ಮೇಲಿತ್ತು. ಸಾಬೂನಿನ ವಾಸನೆ ಈಗ್ಲೂ ಮೂಗಲ್ಲಿದೆ. ಆ ಒಂದು ಮಧ್ಯಾಹ್ನ ಇಟ್ಕೊಂಡೇ ಬದುಕಿದೀನಿ ನಾನು" ಎಂದಳು. ಗ್ರಂಥಾಲಯದಲ್ಲಿ ಅದನ್ನೇ ನಮ್ಮ ಭಾಷೆಯಲ್ಲಿ ಎಲ್ಲರಿಗೂ ಹೇಳುತ್ತಾಳಂತೆ.

ಸಾಬೂನು, ಜುಲ್ಮೀರಾ. ಎಷ್ಟು ತಿಕ್ಕಿದರೂ ಮೀನಿನ ವಾಸನೆ ಬಿಟ್ಟು ಬೇರೆ ವಾಸನೆ ನನ್ನ ಕೈಗೆ ಎಂದಾದರೂ ಇತ್ತೇ? ಆ ಮಧ್ಯಾಹ್ನ ನಾನು ಎಲ್ಲರಂತೆ ಓಡಿದೆ. ಒಗೆಯುವ ಕಲ್ಲು ಬಿಟ್ಟು ಬಂದು ಕುಳಿತವಳು ನೀನು. ಮಗಳಿಗೆ ನಾನು "ಹೌದು, ಈಗ ನೆನಪಾಯ್ತು" ಎಂದುಬಿಟ್ಟೆ.

ಜೂನ್‌ನಲ್ಲಿ ನನ್ನ ಪಕ್ಕ ಕುಳಿತು ನೀನದನ್ನು ಕೇಳುತ್ತೀಯ. ನೀನು ಬಾಯಿ ತೆರೆದು ನಿಜ ಹೇಳಿದರೆ ನಾನು ಅಡ್ಡ ಬರುವುದಿಲ್ಲ. ಆ ಮಧ್ಯಾಹ್ನ ನಿನ್ನದು. ನಿನ್ನ ಹತ್ತಿರ ಇನ್ನೂ ಅಂಥವು ಎಷ್ಟೋ ಇವೆ. ಅದೊಂದನ್ನು ನನಗೆ ಬಿಟ್ಟುಕೊಡು, ತಂಗಿ.