ಅಕ್ಕನ ಜೀವಕೋಶಗಳ ಖುಲಾಸೆ

ಆಸ್ಪತ್ರೆ, ಮೂರನೇ ಮಹಡಿ
ಮಂಗಳವಾರ, ತಿಂಡಿಯ ನಂತರ

ಮುನಿಸಿಕೊಂಡು ಕುಳಿತಿರುವ ನನ್ನ ಅಕ್ಕನಿಗೆ ತಮ್ಮನ ನಮಸ್ಕಾರ.

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ನಾನು ಎರಡು ಬಿಸ್ಕತ್ತು ತಿಂದೆ ಮತ್ತು ಅವು ಈ ಕ್ಷಣದವರೆಗೂ ನನ್ನೊಳಗೇ ಇವೆ. ನರ್ಸಮ್ಮ ಈ ಮಹಾಸಾಧನೆಯನ್ನು ಚಾರ್ಟಿನಲ್ಲಿ ದಾಖಲಿಸಿ ಬೆನ್ನು ತಟ್ಟಿದರು. ನಗಬೇಡ. ಇಷ್ಟು ದಿನ ನನ್ನ ಕಾಯಂ ವಿಳಾಸ ಹಾಸಿಗೆಯಲ್ಲ, ಶೌಚಾಲಯ.

ನನ್ನ ರಕ್ತದ ಕ್ಯಾನ್ಸರಿಗೆ ನೀನು ಹೊಸ ರಕ್ತ ಹುಟ್ಟಿಸುವ ಕಾಂಡಕೋಶ ಕೊಟ್ಟೆ. ಆಮೇಲೆ ನನಗೆ ಭೇದಿ ಹತ್ತಿ, ರಕ್ತವೂ ಹೋಗತೊಡಗಿದಾಗ, ದಾನಿಯ ಜೀವಕೋಶಗಳೇ ಕರುಳಿನ ಮೇಲೆ ಎರಗಿರಬಹುದು ಎಂದರು ದೊಡ್ಡ ಡಾಕ್ಟರು. ಅದಕ್ಕೆ ನೀನು ಕೊಟ್ಟ ಉತ್ತರ ಈ ವಾರ್ಡಿನಲ್ಲಿ ಇನ್ನೂ ಓಡಾಡುತ್ತಿದೆ: “ಹಂಗಿದ್ರೆ ವಾಪಸ್ ತೆಗೆದ್ಬಿಡಿ ಡಾಕ್ಟ್ರೇ, ನಂದು ನಂಗೇ ಕೊಡಿ.”

ಅಂದಿನಿಂದ ನೀನು ಬರಲಿಲ್ಲ, ಫೋನೂ ಎತ್ತಲಿಲ್ಲ. ತಮ್ಮನನ್ನು ಒಳಗಿನಿಂದ ನಾನೇ ಕೊಲ್ಲುತ್ತಿದ್ದೇನೆ ಎಂದು ಭಾವನ ಮುಂದೆ ಕಣ್ಣೀರು ಹಾಕಿದೆಯಂತೆ. ಚಿಕ್ಕಂದಿನಲ್ಲಿ ದಿನಕ್ಕೊಮ್ಮೆ ನನ್ನ ಕಿವಿ ಹಿಂಡಿದವಳಿಗೆ ಇಷ್ಟೊಂದು ಕರುಣೆ ಎಲ್ಲಿಂದ ಬಂತೋ.

ಆ ದೊಡ್ಡ ಡಾಕ್ಟರನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು ಅಕ್ಕ. ತಮ್ಮ ಮಾತನ್ನೇ ಅನುಮಾನಿಸುವ ದೊಡ್ಡವರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಿನ್ನ ಜೀವಕೋಶಗಳನ್ನು ಹತ್ತಿಕ್ಕುವ ಮದ್ದು ಜೋರು ಮಾಡುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಕ್ಯಾಮೆರಾ ಇರುವ ಕೊಳವೆ ಹಾಕಿ (ಯಾವ ದಾರಿಯಲ್ಲಿ ಎಂದು ಬರೆಯಲು ನನ್ನ ಘನತೆ ಒಪ್ಪುವುದಿಲ್ಲ) ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸಿಕ್ಕಿಬಿದ್ದದ್ದು ನೀನಲ್ಲ, ಮಾತ್ರೆ. ನಿನ್ನ ಜೀವಕೋಶಗಳು ಗಲಾಟೆ ಮಾಡದಿರಲಿ ಎಂದು ಕಾವಲಿಗಿಟ್ಟಿದ್ದ ಮಾತ್ರೆಯೇ ಕರುಳನ್ನು ಕೆರಳಿಸಿ ಉರಿಯೂತ ತರಿಸಿತ್ತು. ಅದನ್ನು ನಿಲ್ಲಿಸಿ ಬೇರೆಯದು ಕೊಟ್ಟರು. ಹೊಟ್ಟೆ ನಿಧಾನಕ್ಕೆ ತಣ್ಣಗಾಯಿತು.

ನಿನ್ನೆ ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕುಳಿತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ನಿಮ್ಮಕ್ಕನ್ನ ಸುಮ್ನೆ ಅನುಮಾನಿಸಿದ್ವಿ. ಅವರ ಜೀವಕೋಶ ಪಾಪ, ತಮ್ಮ ಪಾಡಿಗೆ ತಾವು ರಕ್ತ ಮಾಡ್ತಾ ಇವೆ.”

ಕೇಳಿಸಿತೇ? ನನ್ನ ಮೈಯಲ್ಲಿ ಸದ್ಯಕ್ಕೆ ಸರಿಯಾಗಿ ಕೆಲಸ ಮಾಡುತ್ತಿರುವ ಏಕೈಕ ಇಲಾಖೆ ನಿನ್ನದು. ಲಂಚವಿಲ್ಲ, ರಜೆಯಿಲ್ಲ. ನಿನ್ನನ್ನು ಇಷ್ಟು ಹೊಗಳಿದ್ದು ಇದೇ ಮೊದಲು, ಉಬ್ಬಬೇಡ.

ಇಂತಿ,
ನಿನ್ನ ರಕ್ತ ಕುಡಿದೇ ಬದುಕಿರುವ
ಮೊಂಡ

ಮರೆತ ಮಾತು: ತೂಕ ‘ಸ್ವಲ್ಪ’ ಇಳಿದಿದೆ ಎಂದು ಭಾವನಿಗೆ ಹೇಳಿದ್ದು ಸುಳ್ಳು. ಮನೆಗೆ ಹೋಗುವ ದಿನಕ್ಕೆಂದು ಇಟ್ಟ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ನಿನ್ನ ಹೊಲಿಗೆ ಅಂಗಡಿಯಿಂದ ಟೇಪು, ಸೂಜಿ, ದಾರ ತಗೊಂಡು ಬಾ. ಅಳತೆ ಬರೆದು ಕಳಿಸುವುದಿಲ್ಲ. ನೀನೇ ಬಂದು ತಗೊಳ್ಳಬೇಕು.