ಪಡುವಣ ಗೋಡೆಯ ಸಿಮೆಂಟ್ ಪತ್ರಾ

ದೋಸ್ತ ಹುಸೇನಸಾಬ,

ನಿನ್ನ ಗೋಡೆ ಹೋಯಿತಪ್ಪಾ. ನಿನ್ನೆಯ ಆಷಾಢದ ಗಾಳಿಗೆ ಪಡುವಣ ಕಡೆ ನೀನು ಹೊದಿಸಿದ್ದ ಸಿಮೆಂಟ್ ಶೀಟುಗಳು, ನಮ್ಮ ಬಾಯಲ್ಲಿ ಪತ್ರಾಗಳು, ಎಲ್ಲವೂ ಹಪ್ಪಳದಂತೆ ಎದ್ದು, ಒಂದು ಗಿರಣಿಯ ಹಿಂದೆ, ಒಂದು ಗುಡೂರು ರಸ್ತೆಯ ಜಾಲಿಗಿಡದ ಮೇಲೆ, ಇನ್ನೊಂದು... ಎದೆ ಧಸಕ್ ಅಂದಿತೇನು? ಸುಳ್ಳು. ಒಂದೂ ಅಲುಗಿಲ್ಲ. ಬದುಕಿದ್ದಾಗ ನಿನ್ನನ್ನು ಹೀಗೇ ಬೆಚ್ಚಿಬೀಳಿಸುತ್ತಿದ್ದವನು ಸತ್ತಮೇಲೆ ಬಿಡುತ್ತೇನೆಯೇ? ಪತ್ರಾದ ಸಲುವಾಗಿ ಪತ್ರ ಬರೆದ ಮೊದಲ ಮನುಷ್ಯ ನಾನೇ ಇರಬೇಕು. ಆದರೆ ಒಂದೂ ಅಲುಗಿಲ್ಲ ಅನ್ನುವುದೇ ನನ್ನ ಹೊಟ್ಟೆನೋವು.

ನಮ್ಮ ಇಳಕಲ್ಲಿನ ಓಣಿಯ ಕೊನೆಯಲ್ಲಿ ನಾವಿಬ್ಬರೂ ಒಂದೇ ಗಾಳಿಯನ್ನು ಬೈಯುತ್ತ ನಿಲ್ಲುತ್ತಿದ್ದುದು ನೆನಪಿದೆಯೇ? ಆಚೆ ಬರೀ ಬಯಲು. ಬಯಲಿನ ಗಾಳಿಯೆಲ್ಲ ನಮ್ಮ ಎರಡು ಮಣ್ಣಿನ ಗೋಡೆಗಳನ್ನೇ ಹುಡುಕಿಕೊಂಡು ಬರುತ್ತಿತ್ತು. ನಿನಗೇನು, ಹಗಲೆಲ್ಲ ಗ್ರಾನೈಟ್ ಪಾಲಿಶ್ ಮಾಡಿ ಬಂದು ಗೋಡೆಗೆ ಬೆನ್ನು ಹಾಕಿ ಮಲಗುವವನು. ನನ್ನ ಗೋಡೆಯ ಹಿಂದೆ ಮಗ್ಗವಿತ್ತು. ಬಿರುಕಿನಿಂದ ಧೂಳು ನುಗ್ಗಿ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಕೂರುತ್ತಿತ್ತು, ಒಣಗಾಳಿಗೆ ಎಳೆ ಪಟಪಟ ಹರಿಯುತ್ತಿತ್ತು. ಮಗ್ಗ ನಿಂತ ತಿಂಗಳು ನಮ್ಮ ಮನೆಯ ರೊಟ್ಟಿಯೂ ತೆಳ್ಳಗಾಗುತ್ತಿತ್ತು. ಗೋಡೆಗೆ ಹೊದಿಕೆ ಬೇಕಾಗಿದ್ದು ನನಗೆ. ಹೊದಿಸಿದವನು ಮಾತ್ರ ನೀನು. ಇದು ನ್ಯಾಯವೇ?

ಬಾಗಲಕೋಟೆಗೆ ಹೋದ ದಿನ ಬಸ್ಸಿನುದ್ದಕ್ಕೂ ನಿನ್ನ ಪುರಾಣ ಕೇಳಿದೆ. ತಗಡು ಬೇಡವಂತೆ, ಬಿಸಿಲಿಗೆ ಕಾಯುತ್ತದೆ, ಗಾಳಿಗೆ ಎದೆ ಬಡಿದುಕೊಳ್ಳುತ್ತದೆ. ಗಾರೆ ಬೇಡವಂತೆ, ಎರಡು ಮಳೆಗೆ ಉದುರಿ ಬೀಳುತ್ತದೆ. ಹಾಗಾದರೆ ನಿನ್ನ ಕಲ್ಲನ್ನೇ ಜಡಿ ಎಂದರೆ, ಮಣ್ಣಿನ ಗೋಡೆ ಆ ಭಾರ ಹೊರುವುದಿಲ್ಲ ಎಂದೆ ನೀನು. ಕಲ್ಲಿನ ಮನುಷ್ಯ ಕಲ್ಲು ಬಿಟ್ಟು ಸಿಮೆಂಟ್ ಪತ್ರಾ ಕೊಳ್ಳಲು ಹೊರಟಿದ್ದಾನೆ ಎಂದು ನಾನು ಬಸ್ಸಿನವರಿಗೆಲ್ಲ ಸಾರಿದೆ. ನೀನೂ ನಕ್ಕೆ. ಅಂಗಡಿಯಲ್ಲಿ ಮಾತ್ರ ನಗಲಿಲ್ಲ. ಒಂದೊಂದೇ ಪತ್ರಾವನ್ನು ಎತ್ತಿ ನಿಲ್ಲಿಸಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದೆ. ಠಣ್ ಎಂದದ್ದು ಈ ಕಡೆ, ಮಂಕಾಗಿ ಸಪ್ಪಳ ಮಾಡಿದ್ದು ಆ ಕಡೆ. ಕಣ್ಣಿಗೆ ಕಾಣದ ಬಿರುಕನ್ನು ಕಲ್ಲಿನಲ್ಲಿ ಹಾಗೇ ಹಿಡಿಯುತ್ತಿದ್ದೆಯಲ್ಲ. ಅಂಗಡಿಯವನ ತಾಳ್ಮೆ ಮುಗಿಯಿತು.

"ಏನ್ರಿ ಸಾಬ್ರ, ಪತ್ರಾ ನೋಡಾಕ ಬಂದೀರೇನು, ಹೆಣ್ಣ ನೋಡಾಕ ಬಂದೀರೇನು?"

"ಹೆಣ್ಣ ನೋಡಾಕ್ರಿ," ಎಂದೆ ನಾನು. "ಹಾಡು ಬರ್ತೈತೇನಂತ ಕೇಳಾಕತ್ತಾನ."

ನೀನು ಪತ್ರಾ ಹೊಡೆಯಲು ಶುರು ಮಾಡಿದ ದಿನ ನಾನು ಏನು ಮಾಡಿದೆ ಗೊತ್ತೇ? ಕಿಟಕಿ ಮುಚ್ಚಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತೆ. ಹಣಕಿ ನೋಡಿದ್ದರೆ ನಾಲ್ಕು ವಿಷಯ ಕಲಿಯುತ್ತಿದ್ದೆ. ಆದರೆ ನಿನ್ನ ಕೆಲಸ ನೋಡಿ ಕಲಿತ ಎಂದು ಓಣಿ ಆಡಿಕೊಂಡರೆ? ಮೊದಲ ಗಾಳಿ ಬಂತು. ನಿನ್ನ ಗೋಡೆ ನಿಂತಿತು, ನನ್ನ ಮಗ್ಗವೂ ನಿಂತಿತು! ನಿಲ್ಲುವುದರಲ್ಲೂ ಎಷ್ಟು ವ್ಯತ್ಯಾಸ ನೋಡು. ನನ್ನ ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತು, "ಅವ್ರ ಗೋಡಿ ನೋಡ್ರಿ, ಸೆರಗ ಹೊದ್ದ ಸೊಸಿ ಹಂಗ ನಿಂತೈತಿ. ನಮ್ದು ಗಾಳಿಗೆ ಮೈ ಬಿಟ್ಟೈತಿ," ಎಂದಳು. ಸೆರಗು ನೇಯುವವನಿಗೇ ಈ ಮಾತು! ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಚಹಾದಂಗಡಿಯಲ್ಲಿ ನಿನ್ನ ಗೋಡೆಯೊಳಗೆ ದೆವ್ವ ಗುಂಯ್‌ಗುಡುತ್ತದೆ ಎಂದು ಸುದ್ದಿ ಹಬ್ಬಿಸಿದವನು ನಾನೇ ಎಂಬುದು ನಿನಗೆ ಆಗಲೇ ಗೊತ್ತಿತ್ತು. ಗಾಳಿಯ ಮೇಲೆ ಗಾಳಿಸುದ್ದಿ! ಜನ ದೆವ್ವ ನೋಡಲು ಬಂದರು. ಪತ್ರಾ ಮುಟ್ಟಿದರು, ಕಿವಿ ಹಚ್ಚಿದರು. ದೆವ್ವ ಸಿಗಲಿಲ್ಲ, ಒಂದು ಕಿರ್ ಎನ್ನುವ ಸದ್ದೂ ಸಿಗಲಿಲ್ಲ. ಎಲ್ಲಿ ತಂದಿ, ಹೆಂಗ ಕೂಡಿಸಿದಿ ಎಂದು ನಿನ್ನನ್ನು ಸುತ್ತುವರಿದರು. ನಿನ್ನ ಹೆಸರಿಗೆ ಡಂಗುರ ಹೊಡೆದವನು ನಾನು. ನೀನು ನನ್ನ ಕಡೆ ನೋಡಿ ಕಣ್ಣು ಹೊಡೆದೆಯಲ್ಲ, ಅದು ಇವತ್ತಿಗೂ...

ನಾನೂ ಪತ್ರಾ ತಂದ ವರ್ಷ ನಿನ್ನನ್ನು ಕರೆಯಲಿಲ್ಲ. ನೀನು ಹೋದ ಅಂಗಡಿಗೇ ಹೋದೆ, ನಿನ್ನಂತೆಯೇ ಬಡಿದು ಕೇಳಿದೆ. ಠಣ್ ಎಂದವನ್ನೇ ಆರಿಸಿ ತಂದೆ. ಆದರೆ ನನ್ನದು ನೇಕಾರನ ಕೈ. ಸಡಿಲ ಕಂಡರೆ ಬಿಗಿಯಬೇಕು, ಎಳೆ ಇರಲಿ, ಹಗ್ಗ ಇರಲಿ. ಒಂದೊಂದು ನಟ್ಟನ್ನೂ ಹಾಸು ಬಿಗಿದಂತೆ ಬಿಗಿದೆ. ಬೆರಳಲ್ಲಿ ಮಿಡಿದರೆ ಗೋಡೆ ತಂಬೂರಿಯಂತೆ ನುಡಿಯುತ್ತಿತ್ತು. ಮೊದಲ ದೊಡ್ಡ ಗಾಳಿಗೆ ಪ್ರತಿ ನಟ್ಟಿನ ಸುತ್ತ ಬಿರುಕುಗಳು ಎದ್ದವು. ಮಳೆ ಒಳಗೆ ಬಂದು ನೇಯ್ದ ಸೀರೆಯ ಮೇಲೆ ಮಣ್ಣಿನ ಬಣ್ಣದ ಅಂಚು ಬಿಡಿಸಿತು. ಅಂಥ ಅಂಚನ್ನು ಯಾರು ಕೊಳ್ಳುತ್ತಾರೆ? ಮಗ್ಗ ಮತ್ತೆ ನಿಂತಿತು.

ನೀನು ಬಂದು ನೋಡಿದೆ. ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದೆ.

"ಈರಣ್ಣಾ, ಒಂದು ಮಾತು ಹೇಳ್ಲೇನ?"

"ಬ್ಯಾಡ. ಮಗ್ಗಕ್ಕ ಗಾಳಿ ಬರ್ಲಿ ಅಂತ ನಾನ ಬಿಟ್ಟೇನಿ."

"ಇರ್ಲಿ ಬಿಡು. ಯಾವಾಗ ಬೇಕಾದ್ರೂ ಕೇಳು."

ಯಾವಾಗ ಬೇಕಾದರೂ ಅಂದವನು ಮುಂದಿನ ಗಾಳಿಗೆ ಇರಲಿಲ್ಲ. ನಿನಗೆ ಮಣ್ಣು ಕೊಟ್ಟು ಬರುವಾಗ ಜನ ನಿನ್ನ ಗುಣ ಹೊಗಳಿದರು, ತಡೆದುಕೊಂಡೆ. ಆಮೇಲೆ ಯಾರೋ ನಿನ್ನ ಗೋಡೆಯನ್ನು ಹೊಗಳಿದರು. ಕಣ್ಣು ಒದ್ದೆ ಇದ್ದವು, ಖರೆ. ಆದರೆ ಹೊಟ್ಟೆ ಕೂಡ ಉರಿಯಿತು, ಅದೂ ಖರೆ. ಎರಡೂ ಒಟ್ಟಿಗೇ ಆಗುತ್ತವೆ ಎಂದು ನನಗೆ ಯಾರು ಹೇಳಿದ್ದರು?

ಈಗ ನಿನಗೆ ಗೊತ್ತಿಲ್ಲದ ಸುದ್ದಿ ಕೇಳು. ಈ ಆಷಾಢದಲ್ಲಿ ನನ್ನ ಮಗ್ಗ ಒಂದು ದಿನವೂ ನಿಲ್ಲಲಿಲ್ಲ. ಒಡೆದ ಪತ್ರಾ ತೆಗೆದು ಬೇರೆ ಹಾಕಿದೆ. ಹೊರಗೆ ಗಾಳಿ ಹುಚ್ಚೆದ್ದು ಕುಣಿದರೂ ಒಳಗೆ ಎಳೆಗಳ ಮೇಲೆ ಧೂಳಿಲ್ಲ. ನೀಲವ್ವ ಗೋಡೆ ಸವರಿ ನೋಡಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದಳು. ಆಕೆಗೆ ಹೇಳಿಲ್ಲ. ನಿನಗೆ ಹೇಳುತ್ತೇನೆ.

ಗಾಳಿ ಶುರುವಾಗುವ ಮುಂಚೆ, ಒಂದು ಮಧ್ಯಾಹ್ನ, ನಟ್ ತಿರುಗಿಸುವ ಪಾನಾ ಹಿಡಿದು ನಿನ್ನ ಗೋಡೆಗೆ ಹೋದೆ. ಒಂದೇ ಒಂದು ಪತ್ರಾವನ್ನು ಸಡಿಲಿಸಬೇಕು, ಗಾಳಿಗೆ ಅದು ಗಡಗಡ ಬಡಿದುಕೊಳ್ಳಬೇಕು, ಹುಸೇನಸಾಬನ ಗೋಡೆಯೂ ಕಡೆಗೆ ಅಲುಗಿತು ಎಂದು ಓಣಿ ಅನ್ನಬೇಕು. ಇಷ್ಟೇ ನನ್ನ ಆಸೆ. ನಿನ್ನಾಕೆ, ನಮ್ಮ ಭಾಭಿ, ಹೊರಗೆ ಬಂದು, "ಏನ್ ಮಾಡಾಕತ್ತೀರಿ ಈರಣ್ಣಭಾಯಿ?" ಎಂದು ಕೇಳಿದರು. ಗಾಳಿ ಬರೋದಕ್ಕೆ ಮುಂಚೆ ಬಿಗಿ ನೋಡಲು ಬಂದೆ ಎಂದೆ. ನಿಮ್ಮಂಥ ದೋಸ್ತ ಯಾರಿಗೆ ಸಿಗುತ್ತಾರೆ ಎಂದು ಚಹಾ ಮಾಡಲು ಒಳಗೆ ಹೋದರು.

ನಾನು ನಟ್ ತಿರುಗಿಸಿದೆ. ಅದರ ಕೆಳಗೆ ಇನ್ನೊಂದು ನಟ್, ಒಂದನ್ನೊಂದು ಅಪ್ಪಿ ಹಿಡಿದು ಕೂತಿದ್ದವು. ಅದರ ಕೆಳಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ. ಪತ್ರಾದ ತೂತು ಬೋಲ್ಟಿಗಿಂತ ದೊಡ್ಡದು. ಅಂಗೈಯಿಂದ ಒತ್ತಿದರೆ ಪತ್ರಾ ಒಂದು ಎಳೆಯಷ್ಟು ಹಿಂದೆ ಸರಿದು, ಮತ್ತೆ ತನ್ನ ಜಾಗಕ್ಕೆ ಬಂತು. ಸಡಿಲಿಸಲು ಹೋದವನಿಗೆ ಸಡಿಲಿಸಲು ಏನೂ ಇರಲಿಲ್ಲ, ಹುಸೇನಸಾಬ. ಗಾಳಿ ತಳ್ಳಿದರೆ ಸರಿಯಲಿ, ಬಿರಿಯದಿರಲಿ ಎಂದು ನೀನು ಮೊದಲೇ ಸಡಿಲ ಬಿಟ್ಟಿದ್ದೆ.

ನಿನ್ನ ನಟ್ಟುಗಳನ್ನು ಇದ್ದಂತೆಯೇ ಕೂಡಿಸಿದೆ, ನನ್ನ ಗೋಡೆಗೂ ಹೀಗೇ ಕೂಡಿಸಬೇಕು ಎಂದುಕೊಂಡೆ. ಭಾಭಿ ತಂದ ಚಹಾವನ್ನೂ ಕುಡಿದೆ.

ನಿನ್ನ
ಈರಣ್ಣ